ಆಧಾರ ತೊಳೆದ ಮೇಲೆ

ಅಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಕವಿದಿತ್ತೆಂದರೆ, ಬೀದಿದೀಪ ಹಾಲಿನಲ್ಲಿ ಅದ್ದಿದಂತೆ ಕಾಣುತ್ತಿತ್ತು. ಆ ಮಂಜಿನಲ್ಲೇ ದರ್ಜಿ ಅತ್ತೆ ಸೊಸೆಯ ಹಿಂದೆ ಅವಳ ಕಾರ್ಖಾನೆಗೆ ಹೊರಟರು. ಅತ್ತೆಯ ಬೆರಳ ಗಂಟುಗಳು ಬಿಗಿದು, ಕತ್ತರಿ ಹಿಡಿಯಲಾಗದೆ ತಿಂಗಳುಗಳೇ ಕಳೆದಿದ್ದವು. ಪಕ್ಕದ ಮನೆಯವಳು ಮಗುವಿನ ಅಂಗಿಗೆಂದು ಕೊಟ್ಟ ಹಳದಿ ಬಟ್ಟೆ ಮಡಿಕೆ ಬಿಚ್ಚದೆ ಕೂತಿತ್ತು. ಮಗು ಮಾತ್ರ ಯಾರಿಗೂ ಕಾಯದೆ ಬೆಳೆಯುತ್ತಿತ್ತು. ಆ ಬಟ್ಟೆ ಕಂಡಾಗಲೆಲ್ಲ ಅತ್ತೆ ಮುಖ ಅತ್ತ ತಿರುಗಿಸುತ್ತಿದ್ದರು.

ಸೊಸೆಯದು ಹೊಸ ವಸ್ತುಗಳ ಮಾದರಿ ತಯಾರಿಸುವ ಕೆಲಸ. ಕತ್ತರಿಗೆ ತೊಡಿಸುವ ಹಿಡಿಕೆ ಮಾಡಿಕೊಡುತ್ತೇನೆಂದು ಮೊದಲೇ ಮೇಣದ ಮುದ್ದೆಯಲ್ಲಿ ಅತ್ತೆಯ ಹಿಡಿತದ ಅಚ್ಚು ತೆಗೆದುಕೊಂಡಿದ್ದಳು.

ಕಾರ್ಖಾನೆಯಲ್ಲಿ, ಆ ಅಚ್ಚಿನ ಅಳತೆಗೆ ಹಿಡಿಕೆಯನ್ನು ಪದರ ಪದರವಾಗಿ ಮುದ್ರಿಸುವ ಯಂತ್ರದ ತಲೆ ಮುಚ್ಚಳದೊಳಗೆ ಅತ್ತಿಂದಿತ್ತ ಓಡುತ್ತ, ಕಣ್ಣಿಗೆ ಕಾಣದಷ್ಟು ಸಣ್ಣ, ಪ್ಲಾಸ್ಟಿಕ್‌ನಂತೆ ಗಟ್ಟಿಯಾಗುವ ರಾಳದ ಹನಿಗಳನ್ನು ಚಿಮುಕಿಸುತ್ತಿತ್ತು. ಬೆನ್ನಿಗೇ ನೇರಳಾತೀತ ದೀಪ. ಬೆಳಕು ಬಿದ್ದದ್ದೇ ತಡ, ಹನಿ ಗಟ್ಟಿ. ಹನಿ ಬೀಳುವ ತಟ್ಟೆ ಕೂದಲೆಳೆಗಿಂತ ಕಡಿಮೆ ಕೆಳಗಿಳಿದರೆ, ಮೇಲೆ ಮತ್ತೊಂದು ಪದರ.

"ಬರೀ ಹೋಗೋದು ಬರೋದೇ ಆಯ್ತಲ್ಲೇ, ನಿನ್ನ ಗಂಡನ ಹಾಗೆ!"

"ನಿಮ್ಮ ಮಗ ಅಲ್ವಾ ಅತ್ತೆ? ಆದ್ರೆ ಇದು ಹೋಗಿ ಬಂದ್ರೆ ಏನಾದ್ರೂ ಕೆಲಸ ಆಗಿರತ್ತೆ."

ಹೊರಬಂದ ಹಿಡಿಕೆಯ ಬೆರಳ ತೂತುಗಳಲ್ಲಿ ಮಬ್ಬು ಲೋಳೆ ತುಂಬಿತ್ತು.

"ಇದು ಆಧಾರ. ತೊಳೆದುಬಿಡ್ತೀನಿ."

"ಆಧಾರನೇ ತೊಳೆದ್ರೆ ನಿಲ್ಲೋದು ಹೇಗೇ?"

"ಕೆಳಗೇನೂ ಇಲ್ಲದ ಕಡೆ ಹಸಿ ಪದರ ಕುಸಿದುಹೋಗತ್ತಲ್ಲ, ಅದಕ್ಕೆ ಅತ್ತೆ. ಗಟ್ಟಿಯಾದ್ಮೇಲೆ ಬೇಡ."

ರಭಸದ ನೀರಿಗೆ ಲೋಳೆ ಹರಿದುಹೋಯಿತು. ತಮ್ಮನ್ನೂ ಹೀಗೇ ಹಿಡಿದು ನಿಲ್ಲಿಸಿ, ಹೇಳದೆ ಸರಿದ ಕೈಗಳೆಷ್ಟೋ ಎಂದು ಅತ್ತೆ ಮನಸ್ಸಿನಲ್ಲೇ ದೇವರನ್ನು ನೆನೆದರು.

ಆದರೆ ಬೆರಳು ಒಳಗೆ ಹೋಗಲೇ ಇಲ್ಲ. ಸೊಸೆ ಅತ್ತೆಯ ಮುಖ ನೋಡಿದಳು.

"ಅಚ್ಚು ಕೊಡುವಾಗ ಬೆರಳು ನೆಟ್ಟಗೆ ಮಾಡ್ಕೊಂಡಿದ್ರಾ?"

"ಈ ಸೊಟ್ಟ ಬೆರಳನ್ನ ನಿನ್ನ ಕಾರ್ಖಾನೆಯ ನಾಲ್ಕು ಜನಕ್ಕೆ ಹೇಗೇ ತೋರಿಸ್ಲಿ?"

"ಫೋಟೋಗೆ ನಿಂತ ಹಾಗೆ ನಿಂತ್ರೆ ಯಂತ್ರ ತಾನೇ ಏನು ಮಾಡತ್ತೆ, ಪಾಪ!"

ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಈ ಸಲ ಬೆರಳು ಹೇಗಿತ್ತೋ ಹಾಗೇ ಮೇಣಕ್ಕೆ ಒತ್ತಿದರು. ಸೊಸೆ ಯಂತ್ರಕ್ಕೆ ಹೊಸ ಅಳತೆ ಕೊಟ್ಟದ್ದಷ್ಟೇ, ಸಂಜೆಯೊಳಗೆ ಇನ್ನೊಂದು ಹಿಡಿಕೆ ಸಿದ್ಧ. ಎರಡು ಬಗೆಯ ರಾಳವನ್ನು ಒಂದೇ ಓಟದಲ್ಲಿ ಚಿಮುಕಿಸಿದ್ದರಿಂದ ಹೊರಗೆ ಗಟ್ಟಿ, ಒಳಗೆ ಕಿವಿಯ ಹಾಲೆಯಷ್ಟು ಮೆತ್ತಗೆ. ಬೆರಳು ಸಲೀಸಾಗಿ ಒಳಗೆ ಕೂತಿತು.

ಮನೆಯಲ್ಲಿ ಕತ್ತರಿ ಕರಕರ ಎಂದಿತು. ಅಷ್ಟರಲ್ಲಿ ಮಗು ಆ ಹಳದಿ ಬಟ್ಟೆ ಸಾಲದಷ್ಟು ಬೆಳೆದಿತ್ತು. ಅತ್ತೆ ಅಂಚಿಗೆ ನೀಲಿ ಪಟ್ಟಿ ಸೇರಿಸಿ, ಹೊಲಿಗೆ ಹಾಕುತ್ತ ಗುನುಗಿದರು.

ಮರುದಿನ ಪಕ್ಕದ ಮನೆಯ ಬಾಗಿಲು ತಟ್ಟಿ, ಅಂಗಿಯನ್ನು ತಾಯಿಯ ಕೈಗಿತ್ತು, ಮಗುವಿನ ಕೆನ್ನೆ ಸವರಿ, ಏನೂ ಹೇಳದೆ ಮೆಟ್ಟಿಲಿಳಿದರು.