ಇಳಿಯದ ಕೈ

ಬಡಗಿ ಕಾಲ್ವಿನ್ ಶವಪೆಟ್ಟಿಗೆಯ ಮುಚ್ಚಳವನ್ನು ಮತ್ತೆ ಮೇಲೆತ್ತಿದ. ಹೈರಮ್‌ನ ಬಲಗೈ ಈ ಸಲವೂ ಅಡ್ಡ ಬಂದಿತ್ತು. ಎದೆಯ ಮೇಲೆ ಮಡಿಸಿ ರಿಬ್ಬನ್ ಕಟ್ಟಿದ್ದರೂ ಬಿಚ್ಚಿಕೊಂಡು, ಅಂಗೈ ತೋರಿಸುತ್ತಾ ನೆಟ್ಟಗೆ ನಿಂತಿತ್ತು.

"ಸೆಟೆದುಕೊಂಡಿದೆ, ಅಷ್ಟೇ," ಎಂದ ಕಾಲ್ವಿನ್, ಒಂದು ಹೆಜ್ಜೆ ಹಿಂದೆ ಸರಿದು.

ಗೋಡೆಗೊರಗಿದ್ದ ಹೈರಮ್‌ನ ಅಣ್ಣ ಏಸಾ ನಕ್ಕ. "ಸತ್ತ ಮೇಲೂ ಉತ್ತರದೋರಿಗೆ ಕೈ ಎತ್ತೋದು ಬಿಟ್ಟಿಲ್ಲ ನೋಡು ನನ್ನ ತಮ್ಮ! ಈ ಜಿಲ್ಲೇಲಿ ಅವರ ಮುಂದೆ ಪ್ರಮಾಣ ಮಾಡದೆ ಉಳಿದೋನು ನಾನೊಬ್ಬನೇ."

ಉತ್ತರ-ದಕ್ಷಿಣ ರಾಜ್ಯಗಳ ಅಂತರ್ಯುದ್ಧ ಮುಗಿದು ವರ್ಷಗಳೇ ಉರುಳಿದರೂ ಏಸಾ ಈ ಮಾತನ್ನು ಬಿಟ್ಟಿರಲಿಲ್ಲ. ಸಾವಿನ ಮನೆಯಲ್ಲಾದರೂ ಬಿಟ್ಟಾನೆಯೇ?

ಕನ್ನಡಿಗೆ ಕಪ್ಪು ಬಟ್ಟೆ ಹೊದಿಸುತ್ತಿದ್ದ ಹೈರಮ್‌ನ ಹೆಂಡತಿ ಟಾಬಿತಾ ತಿರುಗಿದಳು. "ಪ್ರಮಾಣ ಮಾಡಿ ಬಂದಮೇಲೆ ಆ ಕೈ ಮೇಲೆದ್ದಿದ್ದು ನೋಡಿದ್ದೀರಾ ಭಾವ? ಚರ್ಚಿನಲ್ಲಿ ಪ್ರಾರ್ಥನೆಗೂ ಎತ್ತಲಿಲ್ಲ ಅವರು."

"ನಾಚಿಕೆಗೆ."

"ಭಯಕ್ಕೆ."

*

ಯುದ್ಧ ಮುಗಿದ ಬೇಸಿಗೆಯಲ್ಲಿ ಉತ್ತರದ ಸೇನೆಯ ಅಧಿಕಾರಿ ನ್ಯಾಯಾಲಯದ ಮುಂದೆ ಮೇಜು ಹಾಕಿಕೊಂಡು ಕೂತಿದ್ದ. ದಂಗೆಯೆದ್ದಿದ್ದ ದಕ್ಷಿಣದವರು ಕೈ ಎತ್ತಿ, ಒಕ್ಕೂಟಕ್ಕೆ ನಿಷ್ಠನಾಗಿರುತ್ತೇನೆ, ಗುಲಾಮರ ಬಿಡುಗಡೆಯನ್ನು ಒಪ್ಪುತ್ತೇನೆ ಎಂದರೆ ಕ್ಷಮೆ. ಹೈರಮ್ ಹಾಗೇ ಹೇಳಿದ. ಏಸಾ ಮಾತ್ರ ಬೆಟ್ಟದಲ್ಲಿ ಅಡಗಿದ್ದ. ಅವನನ್ನು ಹಿಡಿಯಲು ಸೈನಿಕರು ಕುದುರೆಗಳಿಗೆ ಜೀನು ಬಿಗಿಯುತ್ತಿದ್ದರು.

ಊರಿನವರೆಲ್ಲ ಹೋದ ಮೇಲೆ ಹೈರಮ್ ಟೋಪಿ ಬದಲಿಸಿಕೊಂಡು ಮತ್ತೆ ಮೇಜಿನ ಮುಂದೆ ನಿಂತ.

"ಹೆಸರು?"

"ಏಸಾ ಪ್ರೂಯಿಟ್."

ಸೆಖೆಗೆ ಸೋತಿದ್ದ ಅಧಿಕಾರಿ ತಲೆ ಎತ್ತಲಿಲ್ಲ. ದೇವರ ಮೇಲೆ ಸುಳ್ಳು ಆಣೆಯಿಟ್ಟ ಕೈಯನ್ನು ಜೇಬಿನಲ್ಲಿ ಅಡಗಿಸಿಕೊಂಡು ಹೈರಮ್ ಮನೆಗೆ ಬಂದ.

*

"ಕಟ್ಟುಕತೆ!" ಟಾಬಿತಾ ಹೇಳಿ ಮುಗಿಸುತ್ತಲೇ ಏಸಾ ಕಿರುಚಿದ.

"ಬೆಟ್ಟದಿಂದ ಇಳಿದು ಬಂದಾಗ ನಿಮ್ಮನ್ನ ಯಾರೂ ಯಾಕೆ ಮುಟ್ಟಲಿಲ್ಲ?"

"ನನಗೆ ಹೆದರಿ..." ಏಸಾ ಬಾಗಿಲ ಕಡೆ ತಿರುಗಿದ. ಪೆಟ್ಟಿಗೆ ಹೊರಲು ಬಂದವರು ಬಾಗಿಲಲ್ಲಿ ಎಲ್ಲವನ್ನೂ ಕೇಳುತ್ತಿದ್ದರು.

"ಅದು ನಿಮ್ಮ ಪ್ರಮಾಣ ಭಾವ. ನೀವೇ ಮಾಡಿಬಿಡಿ. ಸುಳ್ಳಿನ ಭಾರ ಇಳಿಸಿ ಅವರು ನೆಮ್ಮದಿಯಾಗಿ ಮಲಗಲಿ," ಎಂದಳು ಟಾಬಿತಾ. ಅವಳು ಅಳುತ್ತಿದ್ದಳು.

ಏಸಾ ಅವಳಿಂದ ಮುಖ ತಿರುಗಿಸಿದ. ಕೊನೆಗೆ ಪೆಟ್ಟಿಗೆಯ ಬಳಿ ಹೋಗಿ ತಮ್ಮನ ತಣ್ಣನೆಯ ಅಂಗೈಗೆ ತನ್ನ ಬಲಗೈ ಎತ್ತಿ ಅಂಗೈ ಆನಿಸಿದ. ಒಕ್ಕೂಟ ಎನ್ನುವಾಗ ನಾಲಿಗೆ ತೊದಲಿತು. ಗುಲಾಮರ ಬಿಡುಗಡೆ ಎನ್ನುವಾಗ ಹಲ್ಲು ಕಚ್ಚಿದ. ಆದರೂ ಬರೀ ಬಾಯಿಮಾತಿಗೆ ಹೇಳಿ ಮುಗಿಸಿದ.

ಹೈರಮ್‌ನ ಕೈ ಮೆಲ್ಲಗೆ ಸಡಿಲಗೊಂಡು ಎದೆಯ ಮೇಲೆ ಒರಗಿತು.

ಕಾಲ್ವಿನ್ ಮೊಳೆ ಹೊಡೆದ. ಪೆಟ್ಟಿಗೆ ಹೊತ್ತವರು ಮುಂದೆ, ಏಸಾ ಹಿಂದೆ. ಸ್ಮಶಾನದ ದಾರಿಯುದ್ದಕ್ಕೂ ಅವನು ಎಡಗೈಯಿಂದ ಜಗ್ಗುತ್ತಲೇ ಇದ್ದ. ಎತ್ತಿದ ಬಲಗೈ ಕೆಳಗಿಳಿಯಲೇ ಇಲ್ಲ.