ಕೊಕ್ಕೆ ಬೆರಳಿನ ಕಾಲುಂಗುರ

ಅನ್ನಪೂರ್ಣಳ ಎಡಗಾಲಿನ ಎರಡನೇ ಬೆರಳು ಕೊಕ್ಕೆಯಂತೆ ಬಾಗಿ ಹತ್ತು ವರ್ಷವಾಗಿತ್ತು. ಹೊನ್ನಾಳಿಯಿಂದ ಜಗಳೂರಿಗೆ ಹೋಗುವ ಬಸ್ಸಿನಲ್ಲಿ ಆಕೆ ಕಂಡಕ್ಟರ್. ಕಾಲು ಚಿಕ್ಕದಾಗಿ ಕಾಣಲೆಂದು ಒಂದು ಸೈಜ್ ಕಡಿಮೆಯ ಶೂ ಹಾಕುತ್ತಿದ್ದಳು. ಒಳಗೆ ಆ ಬೆರಳಿಗೆ ಮಾತ್ರ ಸೀಟಿಲ್ಲ. ಮೈ ಮಡಚಿಕೊಂಡೇ ಪ್ರಯಾಣ.

"ದಿನಾ ಬೆರಳನ್ನ ನೀವಿ ನೇರ ಮಾಡಿ, ಮುಂದೆ ಅಗಲ ಇರೋ ಶೂ ಹಾಕಿ" ಎಂದು ಚನ್ನಗಿರಿಯ ಡಾಕ್ಟರ್ ಶಾಂತಲಾ ಅಂದೇ ಹೇಳಿದ್ದರು. ಆಗ ಬೆರಳಿನ ಗೆಣ್ಣು ಮಣಿಯುತ್ತಿತ್ತು. ಈಗ ಕಲ್ಲಾಗಿತ್ತು.

ಬೆರಳಿನ ಬುಡದಲ್ಲಿ ಅತ್ತೆ ಶಿವಗಂಗಮ್ಮ ಕೊಟ್ಟ ದಪ್ಪ ಬೆಳ್ಳಿ ಕಾಲುಂಗುರ. ಜಾರಬಾರದೆಂದು ಅದಕ್ಕೆ ಒಳಗಿನಿಂದ ದಾರ ಸುತ್ತಿದ್ದಳು. ಗೆಣ್ಣಿನ ಮೇಲೆ ಶೂ ಉಜ್ಜಿ ಹುಣ್ಣಾಯಿತು, ಬೆರಳು ಊದಿತು, ನೆಂದ ದಾರ ಬಿಗಿಯಿತು. ಒಂದು ವಾರ ಎಲ್ಲವನ್ನೂ ಸಾಕ್ಸಿನಲ್ಲಿ ಬಚ್ಚಿಟ್ಟಳು. ಇವತ್ತು ಬೆಳಿಗ್ಗೆ ಗಂಡ ತಿಪ್ಪೇಶ್ ಸಾಕ್ಸ್ ಎಳೆದಾಗ ಬೆರಳು ನೇರಳೆ ಹಣ್ಣಾಗಿತ್ತು.

ತಿಪ್ಪೇಶ್ ಅವಳನ್ನು ಚನ್ನಗಿರಿಗೆ ಕರೆತಂದ. ಶಾಂತಲಾ ಎಣ್ಣೆ ಹಚ್ಚಿ ಎಳೆದರು. ಉಂಗುರ ಗೆಣ್ಣು ದಾಟಲಿಲ್ಲ.

"ಕತ್ತರಿಸಬೇಕು. ಈಗಲೇ. ತಡ ಆದ್ರೆ ಬೆರಳು ಹೋಗುತ್ತೆ, ನಂಜು ಪಾದಕ್ಕೂ ಏರುತ್ತೆ. ಇಷ್ಟು ದಪ್ಪದ್ದು ಕತ್ತರಿಸೋ ಸಾಮಾನು ನನ್ನ ಹತ್ರ ಇಲ್ಲ. ಬೆಳ್ಳಿ ಕೆಲಸದವರನ್ನ ಕರ್ಕೊಂಡು ಬನ್ನಿ."

ತಿಪ್ಪೇಶ್ ಓಡಿದ. ಬೆಳ್ಳಿ ಕೆಲಸದ ಮರುಳಸಿದ್ದಪ್ಪ ವಿಷಯ ಕೇಳಿ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು.

"ಗಂಡ ಇರೋ ಹೆಣ್ಮಗಳ ಕಾಲುಂಗುರ ನಾನು ಕತ್ತರಿಸಲ್ಲ ಕಣಪ್ಪಾ. ಬೆಳ್ಳಿ ಕತ್ತರಿಸೋ ಇಕ್ಕಳ ಒಯ್ಯಿ. ಕೈ ನಿಂದೇ ಇರ್ಲಿ."

ಗಂಡ ತಂದ ಇಕ್ಕಳ ಕಂಡದ್ದೇ ಅನ್ನಪೂರ್ಣ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ಬ್ಯಾಡ ರೀ. ನಿಮ್ಮ ಎದ್ಯಾಗೆ ಸ್ಟೆಂಟ್ ಐತೆ, ನನ್ನ ಕಾಲಾಗೆ ಉಂಗುರ ಐತೆ. ಎರಡನ್ನೂ ತೆಗ್ಯಾಂಗಿಲ್ಲ."

"ಎದೆನೋವು ಬಂದಾಗ ಸ್ಟೆಂಟ್ ಹಾಕಿದ್ದು ಡಾಕ್ಟ್ರು ಕಣೆ, ನಿನ್ನ ಬೆರಳಲ್ಲ!"

"ಹಾಕಿದ್ದು ಅವರು. ಜೀವ ಕಾದಿದ್ದು ಈ ಉಂಗುರ."

"ಅನ್ನಪೂರ್ಣಮ್ಮ ಒಪ್ಪದೆ ನಾನು ಮುಟ್ಟೋ ಹಾಗಿಲ್ಲ" ಎಂದು ಶಾಂತಲಾ ಗಡಿಯಾರ ನೋಡಿದರು.

ತಿಪ್ಪೇಶ್ ನ್ಯಾಮತಿಯಲ್ಲಿ ಮೈಕ್ ಕಟ್ಟಿದ ಆಟೋದಲ್ಲಿ ಊರೆಲ್ಲ ಪ್ರಚಾರ ಕೂಗಿ ಹೇಳುವವನು. ಹತ್ತು ಜನರ ದನಿ ಅವನ ಗಂಟಲಲ್ಲಿತ್ತು, ಸತ್ತ ಅವ್ವ ಶಿವಗಂಗಮ್ಮನದೂ. ಆ ದನಿ ತೆಗೆದರೆ ಹೆಂಡತಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಅವನಿಗೆ ಬೇರೆ ದಾರಿ ತೋಚಲಿಲ್ಲ. ಅವ್ವನಂತೆ ಮೂಗಿನಿಂದ ರಾಗ ಎಳೆದ:

"ಮಗಾ ಅನ್ನಪೂರ್ಣಾ... ಉಂಗುರ ಹೋದ್ರೆ ಹೋಗ್ಲವ್ವಾ..."

ಅವಳು ನಗಲಿಲ್ಲ. "ಅತ್ತೆ ಹಂಗೆಲ್ಲಿ ಮಾತಾಡ್ತಿದ್ರು? ಒಂದಿನಾನೂ ನನ್ನ ಮಗಾ ಅಂದಿಲ್ಲ. ಬೈತಿದ್ರು."

ತಿಪ್ಪೇಶ್ ಅವ್ವನ ದನಿ ಏರಿಸಿದ. ಬೈದೇಬಿಟ್ಟ. "ಲೇ ಮೂಳಿ! ಬೆಳ್ಳಿ ಕೊಟ್ಟೋಳು ನಾನು! ಕುಂಟಿ ಆಗಿ ನನ್ನ ಮಗನ ತಲೆ ಮ್ಯಾಲೆ ಕುಂತ್ಕೊಂತೀಯೇನೇ? ಚಾಚೇ ಕಾಲು!"

ಕೊನೆಯ ಮಾತಿಗೆ ಅವ್ವನ ದನಿ ಒಡೆದು ಅವನದೇ ಅಳು ಹೊರಬಿತ್ತು. ಅನ್ನಪೂರ್ಣ ಅವನನ್ನೇ ನೋಡಿದಳು. ಮೆಲ್ಲಗೆ ಕಾಲು ಚಾಚಿ, ಅವನ ಎದೆಯ ಮೇಲೆ ಅಂಗೈ ಊರಿದಳು. "ನಾ ಹಿಡ್ಕೊಂಡಿರ್ತೀನಿ. ಕತ್ತರಿಸಿ."

ಮೂರನೇ ಒತ್ತಿಗೆ ಬೆಳ್ಳಿ ಟಕ್ ಎಂದಿತು. ಶಾಂತಲಾ ದಾರ ಬಿಡಿಸಿ, ಬೆರಳನ್ನು ಒತ್ತಿ ಬಿಟ್ಟರು. ರಕ್ತ ಹರಿಯುತ್ತಿದೆಯೇ ಎಂದು ಮೂವರೂ ಬಾಗಿ ನೋಡಿದರು. ಬುಡದಲ್ಲಿ ನಿಧಾನವಾಗಿ ಕೆಂಪು ಮರಳಿತು. ಗೆಣ್ಣಿನಾಚೆ ಮರಳಲಿಲ್ಲ. ಮತ್ತೆ ಒತ್ತಿದರು. ಇಲ್ಲ.

"ಅರ್ಧ ತಡ ಆಯ್ತು ಅನ್ನಪೂರ್ಣಮ್ಮ. ಈಗಲೇ ದಾವಣಗೆರೆಗೆ ಹೊರಡಿ. ತುದಿ ಉಳಿಯೋದು ಕಷ್ಟ. ಬುಡ ಉಳಿಸಬಹುದು."

ಅನ್ನಪೂರ್ಣಳ ಅಂಗೈ ಇನ್ನೂ ಗಂಡನ ಎದೆಯ ಮೇಲೇ ಇತ್ತು. ಎದೆ ಬಡಿಯುತ್ತಲೇ ಇತ್ತು.

"ಬುಡ ಇದ್ರೆ ಸಾಕಲ್ಲ ಮೇಡಂ?" ಎಂದಳು. "ಉಂಗುರ ನಿಲ್ಲೋದು ಅಲ್ಲೇ ತಾನೇ?"