ಹನ್ನೆರಡನೆಯ ಕುರ್ಚಿ

ನನ್ನ ಇಂಗ್ಲಿಷ್ ತರಗತಿಯಲ್ಲಿ ಹನ್ನೊಂದು ಜನ. ಎಲ್ಲರೂ ದುಡಿಯುವವರು, ಬೆಳಿಗ್ಗೆ ಏಳಕ್ಕೆ ಬಂದು ಎಂಟೂವರೆಗೆ ಕೆಲಸಕ್ಕೆ ಓಡುತ್ತಾರೆ. ದೊಡ್ಡವರಿಗೆ ಪಾಠ ಹೇಳುವುದು ಮಕ್ಕಳಿಗೆ ಹೇಳುವುದಕ್ಕಿಂತ ಕಷ್ಟ. ಗದರಿದರೆ ನಾಳೆಯಿಂದ ಬರುವುದಿಲ್ಲ, ಬಿಟ್ಟರೆ ತಲೆ ಮೇಲೆ ಕೂರುತ್ತಾರೆ. ಹಾಗಾಗಿ ನಾನು ಕಿರುಚುವುದಿಲ್ಲ. ಗದ್ದಲ ಹೆಚ್ಚಾದರೆ ಬಲಗೈ ಎತ್ತಿ ಸುಮ್ಮನೆ ನಿಲ್ಲುತ್ತೇನೆ. ನೋಡಿದವರು ತಾವೂ ಕೈ ಎತ್ತಿ ಬಾಯಿ ಮುಚ್ಚಬೇಕು. ಕೊನೆಗೂ ಮಾತಾಡುತ್ತ ಉಳಿಯುವವನು ಯಾವಾಗಲೂ ಬೇಕರಿಯವನೇ; ಅವನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ.

ಕೊನೆಯ ಅರ್ಧ ಗಂಟೆ ಜೋಡಿ ಮಾತು. ಇಬ್ಬಿಬ್ಬರು ಎದುರುಬದುರು ಕೂತು ಇಂಗ್ಲಿಷಿನಲ್ಲಿ ಕೇಳಿಕೊಳ್ಳಬೇಕು: ನಿನ್ನೆ ಏನು ತಿಂದಿರಿ, ಮನೆಯಲ್ಲಿ ಯಾರಿದ್ದಾರೆ, ಭಾನುವಾರ ಎಲ್ಲಿಗೆ ಹೋದಿರಿ. ಹನ್ನೊಂದರಲ್ಲಿ ಒಬ್ಬರು ಉಳಿಯುತ್ತಾರೆ. ಆ ಒಬ್ಬರಿಗೆ ಜೋಡಿ ನಾನು.

ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ಆ ಅರ್ಧ ಗಂಟೆಗಾಗಿ ನಾನು ದಿನವಿಡೀ ಕಾಯುತ್ತಿದ್ದೆ. ಹೆಂಡತಿ ತೀರಿಕೊಂಡು ಆರು ವರ್ಷ. ಮಕ್ಕಳಿಲ್ಲ. ನಿನ್ನೆ ಏನು ತಿಂದೆ ಎಂದು ನನ್ನನ್ನು ಕೇಳುವವರು ಈ ಹನ್ನೊಂದು ಜನ ಮಾತ್ರ, ಅದೂ ಪುಸ್ತಕದಲ್ಲಿದೆ ಎಂದು.

ಹೆಚ್ಚಾಗಿ ಉಳಿಯುತ್ತಿದ್ದ ಆ ಒಬ್ಬರು ಬ್ಯಾಂಕಿನ ಕಾವಲುಗಾರರು. ಅವರ ಮಾತು ನಿಧಾನ ಎಂದು ಯಾರೂ ಜೊತೆಗೆ ಕರೆಯುತ್ತಿರಲಿಲ್ಲ. ಮೊದಲ ವಾರ ಅವರು, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದಾಗ ನಿಜ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಯಾರೂ ಇಲ್ಲ ಎಂದುಬಿಟ್ಟರೆ ಮುಂದಿನ ಪ್ರಶ್ನೆಗೆ ದಾರಿಯೆಲ್ಲಿ? ಮೇಷ್ಟ್ರ ಬುದ್ಧಿ, ಹೆಂಡತಿ ಇದ್ದಾಳೆ ಎಂದೆ. ಆಮೇಲೆ ಮಾತಿನಲ್ಲಿ ಇಬ್ಬರು ಹೆಣ್ಣುಮಕ್ಕಳೂ ಬಂದರು. ಚಿಕ್ಕವಳಿಗೆ ಮೂಗಿನ ತುದಿಯಲ್ಲೇ ಕೋಪ. ಅವಳ ಕೋಪ ಇಳಿಯಿತೇ ಎಂದು ಕಾವಲುಗಾರರು ಪ್ರತಿ ವಾರ ವಿಚಾರಿಸುತ್ತಿದ್ದರು. ಆ ಪ್ರಶ್ನೆ ಪುಸ್ತಕದಲ್ಲಿ ಇರಲಿಲ್ಲ.

ಹೀಗಿರುವಾಗ ಆಸ್ಪತ್ರೆಯ ಆಯಾ ಒಬ್ಬಳು ಬಂದು ಬಾಗಿಲಲ್ಲಿ ನಿಂತಳು.

"ಇಂಗ್ಲಿಷ್ ಸರ್ಟಿಫಿಕೇಟ್ ತಂದ್ರೆ ರಿಸೆಪ್ಶನ್‌ನಲ್ಲಿ ಕೂರಿಸ್ತಾರಂತೆ ಸರ್. ನೆಲ ಒರೆಸಿ ಒರೆಸಿ ಮಂಡಿ ಹೋಗಿದೆ."

"ಜಾಗ ಇಲ್ಲಮ್ಮ," ಎಂದೆ.

ಕಿಟಕಿಯ ಪಕ್ಕ ಹನ್ನೆರಡನೆಯ ಕುರ್ಚಿ ಖಾಲಿಯಿತ್ತು; ಅದು ತುಂಬಿದರೆ ನನಗೆ ಜೋಡಿ ಉಳಿಯುವುದಿಲ್ಲ. ಅವಳು ಅದನ್ನು ನೋಡಿದಳು. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದಳು. ಮರುದಿನ ಕಾವಲುಗಾರರು ಏನು ಕೇಳಿದರೂ ನನ್ನ ತಲೆಗೆ ಹೋಗಲಿಲ್ಲ. ನನ್ನ ಅರ್ಧ ಗಂಟೆಯ ಹರಟೆಗೆ ಅವಳ ಮಂಡಿ ಸವೆಯಬೇಕೇ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು. ಆಸ್ಪತ್ರೆಗೇ ಹೋಗಿ ಅವಳನ್ನು ಕರೆದೆ.

ಅವಳು ಒಂದು ದಿನವೂ ತಪ್ಪಿಸಲಿಲ್ಲ. ಆರು ಜೋಡಿ ಸರಿಹೋಯಿತು. ಕಾವಲುಗಾರರಿಗೆ ಅವಳೇ ಜೊತೆ. ನಾನು ಕುರ್ಚಿಗಳ ನಡುವೆ ಕೈಕಟ್ಟಿ ಓಡಾಡಿದೆ. ಮಾಡಿದ್ದುಣ್ಣೋ ಮಹಾರಾಯ ಎನ್ನೋಣವೆಂದರೆ ಮಾಡಿದ್ದು ಒಳ್ಳೆಯ ಕೆಲಸವೇ. ಒಂದೆರಡು ಸಲ ಗದ್ದಲವಿಲ್ಲದಿದ್ದರೂ ಕೈ ಎತ್ತಿದೆ. ಹನ್ನೆರಡು ಜನವೂ ಕೈ ಎತ್ತಿ ನನ್ನ ಮುಖ ನೋಡಿದರು. ಮುಂದುವರಿಸಿ ಎಂದೆ.

ಸರ್ಟಿಫಿಕೇಟ್ ಹಂಚಿದ್ದು ಒಂದು ಭಾನುವಾರ. ಎಲ್ಲರೂ ಪಾಸು. ಎದುರಿನ ಹೋಟೆಲಿನಲ್ಲಿ ಒಟ್ಟಿಗೆ ಊಟ ಮಾಡುವುದೆಂದು ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದರು.

"ಸರ್‌ನೂ ಕರ್ಕೊಂಡು ಹೋಗೋಣ," ಎಂದ ಬೇಕರಿಯವನು. ನನ್ನ ಎದೆ ಹಗುರಾಯಿತು.

"ಬೇಡಪ್ಪ," ಎಂದರು ಕಾವಲುಗಾರರು. "ರಜೆ ದಿನ. ಮನೇಲಿ ಎಲ್ಲ ಊಟಕ್ಕೆ ಕಾಯ್ತಿರ್ತಾರೆ. ಚಿಕ್ಕವಳಿಗೆ ಮೊದಲೇ ಕೋಪ ಜಾಸ್ತಿ. ಅಲ್ವಾ ಸರ್?"

ನಾನು ಕೈ ಎತ್ತದೆಯೇ ಎಲ್ಲರೂ ಸುಮ್ಮನಾಗಿ ಉತ್ತರಕ್ಕೆ ಕಾದರು.

"ಹೌದು, ಕಾಯ್ತಿರ್ತಾರೆ," ಎಂದೆ. "ನೀವು ಹೊರಡಿ."

ಕುರ್ಚಿಗಳನ್ನು ಸಾಲಿಗೆ ಎಳೆಯುತ್ತಿದ್ದಾಗ ಆಯಾ ಹಿಂತಿರುಗಿ ಬಂದು ಒಂದು ಪೊಟ್ಟಣ ಕೊಟ್ಟಳು.

"ನಿಮ್ಮ ಚಿಕ್ಕ ಮಗಳ ವಿಷಯ ಕಾವಲುಗಾರಣ್ಣ ಹೇಳ್ತಿರ್ತಾರೆ. ಇದು ಅವಳಿಗೆ ಸರ್."

ಅವಳು ಹೋದ ಮೇಲೆ ಬಿಚ್ಚಿದೆ. ಒಳಗೆ ಕೆಂಪು ಬಣ್ಣದ ಎರಡು ಹೇರ್‌ಕ್ಲಿಪ್ಪುಗಳಿದ್ದವು. ಅವನ್ನು ಮನೆಯಲ್ಲಿ ಎಲ್ಲಿಡುವುದೆಂದು ನನಗೆ ತಿಳಿಯಲಿಲ್ಲ.